ಏಳು ಗಂಟೆಯ ನೀರು

ವೈಭವ್ ಬರೆದ ಬಿಳಿ ಹಲಗೆಯ ಮೇಲೆ ದೋಣಿಯ ವೇಗಕ್ಕೆ ಕಾರಣಗಳು ಹದಿನಾಲ್ಕು ಇದ್ದವು. ಅವುಗಳಲ್ಲಿ ಹತ್ತರಲ್ಲಿ ರೇಣುಕಾಳ ಹೆಸರು ಕಟ್ಟಕಡೆಗಿತ್ತು.

ತೋಳಿನ ಉದ್ದದಲ್ಲಿ ಕಡೆ. ಮೈತೂಕ ನಲವತ್ತಾರು ಕಿಲೋ, ಅದರಲ್ಲೂ ಕಡೆ. ದೋಣಿಯ ಹುಟ್ಟು ಹಾಕಿದ ಹಾಗೆ ಎಳೆಯುವ ಯಂತ್ರವೊಂದಿತ್ತು. ಅದರ ಮೇಲೆ ಅವಳು ಹತ್ತು ನಿಮಿಷ ಎಳೆದ ಲೆಕ್ಕ ನೋಡಿ, ಯಂತ್ರವೇ ಕೆಟ್ಟಿರಬೇಕೆಂದು ವೈಭವ್ ಇನ್ನೊಮ್ಮೆ ಕೂರಿಸಿದ. ಯಂತ್ರ ಕೆಟ್ಟಿರಲಿಲ್ಲ.

"ಬೇಜಾರು ಮಾಡ್ಕೋಬೇಡ. ನಿದ್ದೆ ಗಂಟೆಯಲ್ಲಿ ನೀನು ಸೆಕೆಂಡ್ ಬಂದಿದೀಯ," ಎಂದ ಅವನು, ಸಮಾಧಾನಕ್ಕೆ.

ಹುಡುಗಿಯರು ನಕ್ಕರು. ರೇಣುಕಾಳೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ನಗುತ್ತಲೇ ಹಲಗೆಯನ್ನು ಮೇಲಿನಿಂದ ಓದುತ್ತ ಬಂದಳು. ಇಂಗ್ಲಿಷ್ ಅಕ್ಷರ ಕೂಡಿಸಿ ಓದುವುದು ಅವಳಿಗೆ ನಿಧಾನ. ಹನ್ನೊಂದನೆಯ ಸಾಲಿನಲ್ಲಿ ನೀರಿನ ಸೆಳೆತ ಎಂದಿತ್ತು. ಅದರ ಎದುರಿಗೆ, ಎಲ್ಲರಿಗೂ ಸಮ ಎಂದು ಬರೆದು ಗೆರೆ ಎಳೆದಿತ್ತು. ಅವಳ ನಗು ಅಲ್ಲಿಗೆ ನಿಂತಿತು. ಹೇಳಬೇಕು ಅನ್ನಿಸಿತು. ಆದರೆ ಎಂಟು ಜನರ ಮುಂದೆ ಒಂದು ಮಾತು ಆಡಬೇಕೆಂದರೆ ಅವಳಿಗೆ ಎಂಟು ಸಲ ಉಗುಳು ನುಂಗಬೇಕು. ಅಷ್ಟರಲ್ಲಿ ಮಾತು ಬೇರೆ ಕಡೆ ಹೋಗಿತ್ತು.

ಗಾರ್ಡನ್ ರೀಚ್‌ನಲ್ಲಿ, ಕೋಲ್ಕತಾದ ಹೂಗ್ಲಿ ನದಿಯ ದಂಡೆಯ ಮೇಲಿನ ಒಂದು ತಗಡಿನ ಶೆಡ್ಡು ಅದು. ಒಳಗೆ ಆಸರೆಗೆ ಇಟ್ಟ ಮರದ ಕುದುರೆಗಳ ಮೇಲೆ ಆ ದೋಣಿ ಮಲಗಿತ್ತು. ಆರು ಹೆಂಗಸರು ಒಬ್ಬರ ಹಿಂದೊಬ್ಬರು ಕೂರುವ ದೋಣಿ; ಉದ್ದ ನೋಡಿದರೆ ಬಸ್ಸಿಗಿಂತ ಉದ್ದ, ಅಗಲ ಮಾತ್ರ ಒಬ್ಬಳ ಸೊಂಟಕ್ಕೆ ಸರಿಯಾಗುವಷ್ಟು. ತಾನಾಗಿ ನೀರಿನ ಮೇಲೆ ನೆಟ್ಟಗೆ ನಿಲ್ಲಲಾರದು. ಅದಕ್ಕೆ ಎಡಮಗ್ಗುಲಲ್ಲಿ ಎರಡು ಬಾಗಿದ ತೋಳು ಚಾಚಿ, ತುದಿಗೆ ಮರಿದೋಣಿಯಂಥ ಒಂದು ತೇಲುಮರ ಕಟ್ಟಿದ್ದರು. ದೂರದ ದ್ವೀಪಗಳಲ್ಲಿ ಅದಕ್ಕೆ ಏನೋ ಹೆಸರಿದೆಯಂತೆ. ರೇಣುಕಾಳ ಊರಿನಲ್ಲಿ ಉಲಾಂಡಿ ಅನ್ನುತ್ತಾರೆ.

ಕುಮಟೆಯ ಕೆಳಗೆ, ಅಘನಾಶಿನಿ ನದಿ ಸಮುದ್ರ ಸೇರುವಲ್ಲಿ ಅವಳ ಊರು. ಅಲ್ಲಿ ಅವಳ ಅಪ್ಪನಿಗೆ ಉಲಾಂಡಿ ಕಟ್ಟಿದ ಪಾತಿದೋಣಿ ಇತ್ತು. ಅಪ್ಪನ ಕಣ್ಣು ಮಂಜಾಗುತ್ತ ಬಂದಾಗ, ಬಲೆ ಬಿಡುವುದು ಕೈಗೆ ಗೊತ್ತಿತ್ತು, ದಾರಿ ನೋಡುವುದಕ್ಕೆ ಮಾತ್ರ ಒಬ್ಬರು ಬೇಕಾಯಿತು. ಒಂಬತ್ತನೇ ಕ್ಲಾಸಿನಲ್ಲಿದ್ದ ರೇಣುಕಾ ಶಾಲೆ ಬಿಟ್ಟು ಹಿಂದಿನ ಹುಟ್ಟು ಹಿಡಿದು ಕೂತಳು. ಐದು ವರ್ಷ ಕೂತಳು. ಅಪ್ಪ ದೋಣಿ ಮಾರಿದ ಮೇಲೆ ಕೋಲ್ಕತಾದಲ್ಲಿದ್ದ ದೊಡ್ಡಪ್ಪನ ಮಗಳು ವನಜಾಕ್ಷಿ, ಎಳೆ ಮಗು ಇದೆ, ಜೊತೆಗೆ ಒಬ್ಬರು ಬೇಕು ಎಂದು ಕರೆಸಿಕೊಂಡಳು. ವನಜಾಕ್ಷಿಯ ಗಂಡ ರತ್ನಾಕರನಿಗೆ ಇಲ್ಲಿ ಬ್ಯಾಂಕಿನಲ್ಲಿ ಕೆಲಸ. ಜೋಕಾದ ಕಡೆ ಬಾಡಿಗೆ ಫ್ಲಾಟು.

ನವೆಂಬರಿನಲ್ಲಿ ಇಲ್ಲಿನ ಕನ್ನಡಿಗರ ರಾಜ್ಯೋತ್ಸವದ ಊಟದಲ್ಲಿ ವನಜಾಕ್ಷಿ ಹೋಳಿಗೆ ಬಡಿಸುತ್ತ ಬಾಯಿ ತಪ್ಪಿ ಒಂದು ಮಾತು ಹೇಳಿದಳು: "ನಮ್ಮ ರೇಣು ಊರಲ್ಲಿ ದೋಣಿನೇ ನಡೆಸ್ತಿತ್ತು." ಪಂಕ್ತಿಯಲ್ಲಿ ಕೂತಿದ್ದ ಓಂಕಾರಪ್ಪ ತಲೆಯೆತ್ತಿದರು. ಹಾವೇರಿ ಕಡೆಯ ಮನುಷ್ಯ. ರೈಲ್ವೆಯಲ್ಲಿ ವೇಳಾಪಟ್ಟಿ ಮಾಡುವ ವಿಭಾಗದಲ್ಲಿ ಇಪ್ಪತ್ತೊಂಬತ್ತು ವರ್ಷ ಕಳೆದು, ಅದರ ನಡುವೆಯೇ ಇಲ್ಲಿನ ಸರೋಬರ ಎಂಬ ಕೆರೆಯಲ್ಲಿ ದೋಣಿಯ ಪಂದ್ಯ ಆಡಿ ಗೆದ್ದು, ನಿವೃತ್ತಿಯಾದ ಮೇಲೆ ಹುಡುಗಿಯರಿಗೆ ಕಲಿಸುತ್ತಿದ್ದರು. ಹೊಸ ಉಲಾಂಡಿ ದೋಣಿ ಬಂದಿತ್ತು. ಐದು ಜನ ಸಿಕ್ಕಿದ್ದರು. ಹಿಂದಿನ, ಆರನೆಯ ಜಾಗಕ್ಕೆ ಯಾರಿಗೂ ಮನಸ್ಸಿರಲಿಲ್ಲ. ಅಲ್ಲಿ ಕೂತವರು ಫೋಟೋದಲ್ಲಿ ಬರುವುದಿಲ್ಲ, ಎಲ್ಲರ ಹುಟ್ಟಿನ ನೀರು ಮುಖಕ್ಕೆ ಬರುತ್ತದೆ.

ಹೀಗೆ ನಾಲ್ಕು ತಿಂಗಳಿಂದ ರೇಣುಕಾ ಹಿಂದೆ ಕೂತು ದಾರಿ ಹಿಡಿಯುತ್ತಿದ್ದಳು. ಹಿಂದಿನ ಹುಟ್ಟಿನ ಅಗಲ ಜಾಸ್ತಿ, ಅದರ ಹಿಡಿಗೆ ಅವಳು ಊರಿಂದ ತಂದ ನಾರಿನ ದಾರ ಸುತ್ತಿದ್ದಳು. ಯಾರೂ ಬೇಡ ಅನ್ನಲಿಲ್ಲ, ಯಾರೂ ಭೇಷ್ ಅನ್ನಲೂ ಇಲ್ಲ.

ಆಮೇಲೆ ಪಂದ್ಯದ ಕಾಗದ ಬಂತು. ಮುಂದಿನ ತಿಂಗಳು ಇದೇ ನದಿಯಲ್ಲಿ ಪಂದ್ಯ, ಗೆದ್ದ ತಂಡ ಅಂಡಮಾನಿಗೆ. ಹಿಂದೆ ಕೂತು ದಾರಿ ಹಿಡಿಯುವವರೇ ತಂಡದ ಕ್ಯಾಪ್ಟನ್ ಎಂದು ಕಾಗದದಲ್ಲಿ ಬರೆದಿತ್ತು. ಅಂದಿನಿಂದ ಆರನೆಯ ಜಾಗಕ್ಕೆ ಬೆಲೆ ಬಂತು.

ಮುಂದಿನ ಜಾಗದಲ್ಲಿ ಹುಟ್ಟು ಹಾಕುತ್ತಿದ್ದ ಅಶ್ವಿತಾ ಹಿಂದೆ ಹೋಗಲಿ, ಖಾಲಿಯಾದ ಜಾಗಕ್ಕೆ ಹೊಸದಾಗಿ ಬಂದ ತೊರ್ಷಾ ಬರಲಿ ಎಂದು ಓಂಕಾರಪ್ಪನವರ ಲೆಕ್ಕ. ತೊರ್ಷಾ ಉತ್ತರ ಬಂಗಾಳದ ಗಟ್ಟಿ ಹುಡುಗಿ, ಯಂತ್ರದ ಮೇಲೆ ಎಲ್ಲರಿಗಿಂತ ಮೊದಲು. ಹಾಗೆ ಮಾಡಿದರೆ ದೋಣಿಯಿಂದ ಇಳಿಯಬೇಕಾದವಳು ಒಬ್ಬಳೇ.

"ನೋಡವಾ ರೇಣುಕಾ, ನನಗ ನಿನ್ನ ಮ್ಯಾಲೆ ಸಿಟ್ಟಿಲ್ಲ," ಎಂದರು ಓಂಕಾರಪ್ಪ. "ಲೆಕ್ಕ ಹಂಗ ಹೇಳ್ತದ. ಆದ್ರೂ ನಾ ಅನ್ಯಾಯ ಮಾಡೂ ಮನುಷ್ಯ ಅಲ್ಲ. ಶನಿವಾರ ನೀ ಹಿಂದ ಕೂಡು, ಅಶ್ವಿತಾ ಮುಂದಿರ್ಲಿ. ರವಿವಾರ ಅಶ್ವಿತಾ ಹಿಂದ, ತೊರ್ಷಾ ಮುಂದ. ಮ್ಯಾಲಿನ ಘಾಟಿಂದ ಕೆಳಗ ನಮ್ಮ ಶೆಡ್ಡಿನ ಜೆಟ್ಟಿ ತನಕ ನಾಕು ಕಿಲೋಮೀಟರ್. ಯಾವ ತಂಡ ಬೇಗ ಮುಟ್ಟತದೋ ಅದ."

"ಎರಡೂ ದಿನ ಎಲ್ಲಾ ಒಂದೇ ಸಮ ಇರಬೇಕು," ಎಂದ ವೈಭವ್. ಅವನು ಎಂಬಿಎ ಓದುವ ಹುಡುಗ, ಈ ಹದಿನಾಲ್ಕು ಕಾರಣಗಳೇ ಅವನ ಪ್ರಾಜೆಕ್ಟು. "ಒಂದಕ್ಕೊಂದು ಹೋಲಿಸಬೇಕಾದರೆ ಏನೂ ಬದಲಾಗಬಾರದು."

ರೇಣುಕಾ ತಲೆಯಾಡಿಸಿದಳು. ಅದು ನ್ಯಾಯದ ಮಾತು ಅನ್ನಿಸಿತು.

ಶನಿವಾರ ಏಳಕ್ಕೆ ದೋಣಿ ಹೊರಟಿತು. ಮಂಜು ಇನ್ನೂ ಹರಿದಿರಲಿಲ್ಲ. ಹಿಂದೆ ಕೂತ ರೇಣುಕಾ ಮೊದಲು ನೋಡಿದ್ದು ದಂಡೆಯ ನೀರನ್ನು. ಮೇಲಿನ ಘಾಟಿನ ಪೂಜೆಯ ಚೆಂಡುಹೂವಿನ ಹಾರಗಳು ಅಲ್ಲಿ ತೇಲುತ್ತಿದ್ದವು. ಇಳಿತದ ನೀರಿದ್ದರೆ ಅವು ಸಮುದ್ರದ ಕಡೆ ಓಡಬೇಕು. ಓಡುತ್ತಿರಲಿಲ್ಲ, ನಿಂತಲ್ಲೇ ತಿರುಗುತ್ತಿದ್ದವು. ಅಂದರೆ ಇಳಿತ ಮುಗಿಯುತ್ತ ಬಂದಿದೆ, ಇನ್ನು ಅರ್ಧ ಗಂಟೆಗೆ ಭರತ. ದಂಡೆಯ ನೀರು ಯಾವಾಗಲೂ ಮೊದಲು ನಿಲ್ಲುತ್ತದೆ. ಆಳದ ನೀರು ಒಮ್ಮೆ ಹೊರಟರೆ ಅದರ ಹಟ ಬೇಗ ಇಳಿಯುವುದಿಲ್ಲ. ನದಿಯ ನಡುಮಧ್ಯೆ ತೇಲುವ ನೀರುಕಳೆಯ ಹಸಿರು ಗಡ್ಡೆಗಳು ಇನ್ನೂ ನಿಧಾನ ಕೆಳಕ್ಕೆ ಸಾಗುತ್ತಿದ್ದವು.

ಅವಳು ದೋಣಿಯ ಮೂತಿಯನ್ನು ನಡುನೀರಿಗೆ ತಿರುಗಿಸಿದಳು.

"ರೇಣು, ವೇರ್ ಆರ್ ಯು ಗೋಯಿಂಗ್? ಸೀಧಾ!" ಎಂದು ಮುಂದಿನಿಂದ ಅಶ್ವಿತಾ ಕೂಗಿದಳು.

"ಎಳೀರಿ ಅಕ್ಕಾ," ಎಂದಳು ರೇಣುಕಾ. ಅದು ಯಾರಿಗೂ ಕೇಳಿಸಲಿಲ್ಲ.

ಹದಿನೈದು ಎಳೆತಕ್ಕೊಮ್ಮೆ ಮೂರನೆಯವಳು "ಹೋ" ಎನ್ನುತ್ತಿದ್ದಳು, ಎಲ್ಲರೂ ಹುಟ್ಟನ್ನು ಆ ಮಗ್ಗುಲಿಂದ ಈ ಮಗ್ಗುಲಿಗೆ ಬದಲಾಯಿಸುತ್ತಿದ್ದರು. ಪ್ರತಿ ಬದಲಾವಣೆಗೂ ಉಲಾಂಡಿ ಒಮ್ಮೆ ಮೇಲೇಳುತ್ತಿತ್ತು; ರೇಣುಕಾ ಅದರ ಕಡೆ ಒಂದಿಷ್ಟೇ ವಾಲಿ ಕೂರಿಸುತ್ತಿದ್ದಳು. ಇದು ಯಾರ ಹಲಗೆಯಲ್ಲೂ ಬರುವ ಕೆಲಸವಲ್ಲ. ಜೆಟ್ಟಿ ಮುಟ್ಟಿದಾಗ ಗಡಿಯಾರ ಇಪ್ಪತ್ತನಾಲ್ಕು ನಿಮಿಷ ಐವತ್ತು ಸೆಕೆಂಡು ತೋರಿಸಿತು. ದೋಣಿ ಓಡಿದ ದಾರಿಯ ಗೆರೆ ಲ್ಯಾಪ್‌ಟಾಪಿನಲ್ಲಿ ಮೂಡಿತ್ತು: ಬಿಲ್ಲಿನ ಹಾಗೆ ಬಾಗಿದ ಗೆರೆ.

"ಮುನ್ನೂರು ಮೀಟರ್ ಹೆಚ್ಚಿಗೆ ತಿರುಗಿದೀರಿ," ಎಂದ ವೈಭವ್.

"ಹೌರಾ ಸೇತುವೆ ತೋರಿಸ್ಕೊಂಡು ಬರ್ತಿದ್ದಳೇನೋ," ಎಂದು ಯಾರೋ ಹಿಂದಿಯಲ್ಲಿ ಅಂದರು. ಮತ್ತೆ ನಗು. ರೇಣುಕಾ ಹುಟ್ಟಿನ ನಾರು ಒರೆಸುತ್ತ ನಿಂತಳು. ನಾಳೆ ಅಶ್ವಿತಕ್ಕನಿಗೂ ಇದೇ ನೀರು ಸಿಗುತ್ತದಲ್ಲ, ಆಗ ಗೊತ್ತಾಗುತ್ತದೆ ಎಂದುಕೊಂಡಳು.

ನಾಳೆ ಎಷ್ಟು ಗಂಟೆಗೆ ಎಂದು ಅವಳು ಕೇಳಲಿಲ್ಲ. ಕೇಳುವುದೇನಿದೆ? ನೀರು ದಿನಕ್ಕೆ ಐವತ್ತು ನಿಮಿಷ ಹಿಂದೆ ಬೀಳುತ್ತದೆ. ಇವತ್ತು ಏಳಕ್ಕೆ ಇದ್ದ ನೀರು ನಾಳೆ ಏಳೂ ಐವತ್ತಕ್ಕೆ ಬರುತ್ತದೆ. ಎಲ್ಲಾ ಒಂದೇ ಸಮ ಇರಬೇಕು ಎಂದು ವೈಭವನೇ ಹೇಳಿದ್ದಾನೆ. ಅವಳ ಊರಿನ ದಂಡೆಯಲ್ಲಿ ಆರು ವರ್ಷದ ಮಕ್ಕಳಿಗೂ ಗೊತ್ತಿರುವ ಮಾತನ್ನು ಇಷ್ಟು ಓದಿದವರಿಗೆ ನೆನಪಿಸುವುದು ಚೆಂದವೇ?

ಹಾಗಾಗಿ ಭಾನುವಾರ ಅವಳು ಮಗುವಿಗೆ ಹಾಲು ಕುಡಿಸಿ, ಬಸ್ಸು ಹಿಡಿದು, ಏಳೂ ಮೂವತ್ತೈದಕ್ಕೆ ಶೆಡ್ಡಿಗೆ ಬಂದಳು. ಹೊತ್ತಿಗೆ ಮುಂಚೆಯೇ ಬಂದೆ ಎಂಬ ಸಮಾಧಾನ ಬೇರೆ. ಬಂದು ನೋಡಿದರೆ ದೋಣಿ ಮರದ ಕುದುರೆಗಳ ಮೇಲಿದೆ, ಅದರ ಹೊಟ್ಟೆಯಿಂದ ನೀರು ತೊಟ್ಟಿಕ್ಕುತ್ತಿದೆ. ಹುಡುಗಿಯರು ಮಣ್ಣಿನ ಕುಡಿಕೆಯಲ್ಲಿ ಚಹಾ ಕುಡಿಯುತ್ತಿದ್ದಾರೆ.

"ಬಂದಳವಾ ಮಹಾರಾಣಿ," ಎಂದರು ಓಂಕಾರಪ್ಪ. "ಸೋಲೋದು ನೋಡಾಕ ಆಗೋದಿಲ್ಲಂತ ತಡಾ ಮಾಡಿ ಬಂದಿಯೇನು?"

ಇಪ್ಪತ್ತೆರಡು ನಿಮಿಷ ಮೂವತ್ತು ಸೆಕೆಂಡು. ಹಲಗೆಯ ಮೇಲೆ ಕೆಂಪು ಅಕ್ಷರದಲ್ಲಿ ಬರೆದಿತ್ತು. ಹದಿನಾಲ್ಕನೆಯ ಸಾಲಿನಲ್ಲಿ ಶಿಸ್ತು ಎಂಬುದರ ಎದುರಿಗೂ ವೈಭವ್ ಈಗ ರೇಣುಕಾಳನ್ನು ಕಡೆಗೆ ಹಾಕಿದ್ದ. ಹದಿನಾಲ್ಕರಲ್ಲಿ ಹನ್ನೊಂದು.

"ಎಷ್ಟೊತ್ತಿಗೆ ಹೊರಟ್ರಿ?" ಎಂದು ಕೇಳಿದಳು ರೇಣುಕಾ.

"ಏಳಕ್ಕೆ. ಮತ್ತೆ? ನಿನ್ನೆ ಹೊರಟ ಹೊತ್ತಿಗೇ," ಎಂದ ವೈಭವ್.

ರೇಣುಕಾ ಹೊರಗೆ ಜೆಟ್ಟಿಯ ಮೇಲೆ ಹೋಗಿ ನೋಡಿದಳು. ಚೆಂಡುಹೂವಿನ ಹಾರಗಳು ಸಮುದ್ರದ ಕಡೆ ಓಡುತ್ತಿದ್ದವು, ದಂಡೆಯಲ್ಲೂ ಓಡುತ್ತಿದ್ದವು. ಈಗಲೇ ಹೀಗಾದರೆ ಏಳಕ್ಕೆ ಹೇಗಿದ್ದಿರಬೇಡ. ಇವರು ಗಡಿಯಾರ ನೋಡಿ ಹೊರಟಿದ್ದಾರೆ. ನದಿ ಇವರನ್ನು ಹೆಗಲ ಮೇಲೆ ಹೊತ್ತು ತಂದು ಜೆಟ್ಟಿಯಲ್ಲಿ ಇಳಿಸಿದೆ.

ಅವಳು ಒಳಗೆ ಬಂದಳು. ಅಶ್ವಿತಾ ಎದ್ದು ಬಂದು ಅವಳ ಭುಜ ಹಿಡಿದಳು. "ರೇಣು, ಡೋಂಟ್ ಮೈಂಡ್ ಹಾಂ. ನೀನು ನಮ್ಮ ಜೊತೆ ಬರ್ತೀಯ ಓನ್ಲಿ. ಲಗೇಜ್, ನೀರು, ಎಲ್ಲಾ ನೋಡ್ಕೋಳಕ್ಕೆ ಒಬ್ರು ಬೇಕೇ ಬೇಕಲ್ಲ." ಅವಳ ಕನ್ನಡ ಇಲ್ಲೇ ಬೆಳೆದ ಮಕ್ಕಳ ಕನ್ನಡ. ಅದರಲ್ಲಿ ಕೆಡುಕಿರಲಿಲ್ಲ. ಅದಕ್ಕೇ ರೇಣುಕಾಳಿಗೆ ಮೈ ಉರಿಯಿತು.

ಅವಳು ನೇರ ಗೋಡೆಯ ಹತ್ತಿರ ಹೋಗಿ, ನಾರು ಸುತ್ತಿದ ಹುಟ್ಟನ್ನು ಗೂಟದಿಂದ ತೆಗೆದು ಎದೆಗೆ ಹಿಡಿದುಕೊಂಡಳು.

"ಇದನ್ನ ನಾ ಕೊಡೂದಿಲ್ಲ," ಎಂದಳು.

ಚಹಾದ ಕುಡಿಕೆಗಳು ಅಲ್ಲಲ್ಲೇ ನಿಂತವು. ಈ ಹುಡುಗಿಗೆ ಇಷ್ಟು ಗಟ್ಟಿ ದನಿ ಇದೆಯೆಂದು ಯಾರಿಗೂ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ.

"ಅಂದ್ರ?" ಎಂದರು ಓಂಕಾರಪ್ಪ.

"ನಿನ್ನೆ ನೀರು ನಿಂತಿತ್ತು ಸರ್. ಇವತ್ತು ಓಡ್ತಾ ಇತ್ತು. ಏಳು ಗಂಟೆ ಒಂದೇ, ನೀರು ಒಂದೇ ಅಲ್ಲ. ನಿನ್ನೆಯ ನೀರು ಇವತ್ತು ಬರೂದು ಏಳೂ ಐವತ್ತಕ್ಕೆ. ಅದಕ್ಕೇ ನಾ ಈಗ ಬಂದದ್ದು."

"ಸೋತವರಿಗೆ ನೀರು ಕಾಣ್ತದ, ಗೆದ್ದವರಿಗೆ ದಂಡಿ ಕಾಣ್ತದ," ಎಂದು ಓಂಕಾರಪ್ಪ ನಕ್ಕರು. "ನನ್ನ ಕೈಯಾಗಿನ ಗಡಿಯಾರ ನೋಡಿ ಈ ಊರಾಗ ರೈಲು ಓಡ್ಯಾವ ತಂಗಿ. ನಿನಗ ಅದರ ಮ್ಯಾಲೂ ಸಂಶಯ?"

"ರೈಲಿಗೆ ಹಳಿ ಉಂಟಲ್ಲ ಸರ್."

ತೊರ್ಷಾಗೆ ಕನ್ನಡ ಬಾರದು. ಆದರೂ ಓಂಕಾರಪ್ಪನವರ ಮುಖ ನೋಡಿ ಅವಳು ಕುಡಿಕೆಯೊಳಗೆ ಮುಖ ಅಡಗಿಸಿಕೊಂಡಳು. ವೈಭವ್ ಫೋನಿನಲ್ಲಿ ಏನನ್ನೋ ತೆಗೆದು ನೋಡಿದ. "ಸ್ವಲ್ಪ ವ್ಯತ್ಯಾಸ ಆಗಿರಬಹುದು, ಸರ್. ಆದರೆ ಎರಡು ನಿಮಿಷ ಇಪ್ಪತ್ತು ಸೆಕೆಂಡು ಅಂದ್ರೆ ತುಂಬಾ ಆಯ್ತು. ಅದೆಲ್ಲಾ ನೀರಿನ ಮೇಲೆ ಹಾಕೋಕಾಗಲ್ಲ. ಮುನ್ನೂರು ಮೀಟರ್ ಸುತ್ತಿದ್ದು ಇದೆಯಲ್ಲ."

"ಹಾಗಾದ್ರೆ ನಾಳೆ ನೋಡಿ," ಎಂದಳು ರೇಣುಕಾ. "ನನಗೆ ದೋಣಿ ಕೊಡ್ಬೇಡಿ. ಅಶ್ವಿತಕ್ಕನೇ ಹಿಂದೆ ಕೂರ್ಲಿ. ತೊರ್ಷಾನೇ ಮುಂದೆ ಇರ್ಲಿ. ಇವತ್ತು ಗೆದ್ದವರೇ ಎಲ್ಲಾ ಇರ್ಲಿ. ಆದ್ರೆ ಎಂಟೂ ನಲವತ್ತಕ್ಕೆ ಹೊರಡ್ಬೇಕು. ಶನಿವಾರ ನನಗೆ ಸಿಕ್ಕಿದ ನೀರು ಅವರಿಗೂ ಸಿಗ್ಲಿ. ನನ್ನ ಇಪ್ಪತ್ತನಾಲ್ಕು ಐವತ್ತಕ್ಕಿಂತ ಒಂದು ಸೆಕೆಂಡು ಬೇಗ ಬಂದ್ರೂ ಈ ಹುಟ್ಟು ಇಲ್ಲಿಟ್ಟು ಊರಿಗೆ ಹೋಗ್ತೇನೆ. ಲಗೇಜಿಗೂ ನನ್ನ ಕರೀಬೇಡಿ."

"ಸೋಮವಾರ ಎಂಟೂ ನಲವತ್ತು?" ಎಂದಳು ಒಬ್ಬಳು. "ನನಗೆ ಕಾಲೇಜಿದೆ."

ಅಶ್ವಿತಾ ರೇಣುಕಾಳನ್ನೇ ನೋಡುತ್ತಿದ್ದಳು. ಅವಳ ಕಿವಿ ಕೆಂಪಾಗಿತ್ತು. "ಸರ್, ಮಾಡೋಣ," ಎಂದಳು. "ಇಲ್ಲಾಂದ್ರೆ ಲೈಫ್ ಲಾಂಗ್ ಹೇಳ್ತಾಳೆ, ನೀರು ಗೆಲ್ಸಿತು ಅಂತ. ಐ ವಿಲ್ ಶೋ ಹರ್."

ಹುಟ್ಟನ್ನು ಶೆಡ್ಡಿನಲ್ಲಿ ಬಿಡಲು ರೇಣುಕಾ ಒಪ್ಪಲಿಲ್ಲ. ಅಶ್ವಿತಾ ಹಿಂದೆ ಕೂರಲು ಅಂಥದ್ದೇ ಇನ್ನೊಂದು ಇತ್ತು. ಬಸ್ಸಿನಲ್ಲಿ ಕಂಡಕ್ಟರ್ ಆ ಹುಟ್ಟಿಗೂ ಟಿಕೆಟ್ ತಗೊಳ್ಳಬೇಕಾಗುತ್ತೆ ಎಂದು ತಮಾಷೆ ಮಾಡಿದ. ಅವಳು ನಗಲಿಲ್ಲ.

ಮನೆಗೆ ಬರುವುದರೊಳಗೆ ಸುದ್ದಿ ಮನೆ ತಲುಪಿತ್ತು. ಅಶ್ವಿತಾಳ ತಾಯಿ ರತ್ನಾಕರನ ಬ್ಯಾಂಕಿನಲ್ಲಿ ಅವನಿಗಿಂತ ಮೂರು ಮೆಟ್ಟಿಲು ಮೇಲೆ.

"ಫೋನ್ ಮಾಡಿ ಸಾರಿ ಹೇಳು," ಎಂದ ರತ್ನಾಕರ. ಅವನು ಕೂಗಾಡುವವನಲ್ಲ; ಕೂಗಾಡಿದ್ದರೆ ಸುಲಭವಾಗುತ್ತಿತ್ತು. "ನನ್ನ ಮಂಗಳೂರು ಟ್ರಾನ್ಸ್‌ಫರ್ ಅರ್ಜಿ ಮೇಡಂ ಟೇಬಲ್ ಮೇಲುಂಟು. ನಾಳೆ ಅವರ ಮಗಳ ಮುಂದೆ ಪಂಥ ಕಟ್ಟಿ ಕೂತ್ರೆ ಏನು ಚಂದ ಹೇಳು? ಅವರು ನಿನ್ನ ಮನೆ ಮಗಳ ಹಾಗೆ ಕರಕೊಂಡು ಹೋಗ್ತೇವೆ ಅಂತಾರೆ."

"ಲಗೇಜ್ ಹೊರಲಿಕ್ಕೆ ಭಾವ," ಎಂದಳು ರೇಣುಕಾ.

"ಅದ್ರಲ್ಲಿ ಎಂತ ತಪ್ಪು? ಅಂಡಮಾನ್ ನೋಡಿದ ಹಾಗಾಯ್ತು."

ಅವಳು ಅಡುಗೆಮನೆಗೆ ಹೋದಳು. ವನಜಾಕ್ಷಿ ಮೆಟ್ಟುಗತ್ತಿಯ ಮೇಲೆ ಕೂತು ಪಾರ್ಶೆ ಮೀನು ಸಿಗಿಯುತ್ತಿದ್ದಳು. ತಲೆಯೆತ್ತಲಿಲ್ಲ. ಎರಡು ಮೀನು ಮುಗಿದ ಮೇಲೆ ಕೇಳಿದಳು:

"ಖರೆ ಹೇಳೆ. ನಿನಗೆ ಎಷ್ಟು ಖಾತ್ರಿ?"

"ಐದು ವರ್ಷ ಅಪ್ಪನ ಕಣ್ಣಾಗಿ ಕೂತಿದ್ದೆ ಅಕ್ಕ. ಒಂದು ದಿನ ನೀರಿನ ಹೊತ್ತು ತಪ್ಪಿದ್ರೂ ಅಪ್ಪ ವಾಪಸ್ ಬತ್ತಿರ್ಲಿಲ್ಲ."

ವನಜಾಕ್ಷಿ ಮೂರನೆಯ ಮೀನಿನ ಕಿವಿರು ಕಿತ್ತಳು. ಹೊರಗಿನ ಕೋಣೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಹಾಗಾದ್ರೆ ನಿಮ್ಮ ಭಾವನ ಮಾತು ಕೇಳ್ಬೇಡ. ಟ್ರಾನ್ಸ್‌ಫರ್ ಆಪುದಾದ್ರೆ ಆಗ್ತದೆ, ಇಲ್ದಿದ್ರೆ ಇಲ್ಲ. ನಮ್ಮ ಮನೆಯವು ಬ್ಯಾಂಕಿನ ಪುಸ್ತಕದ ಮುಂದೆ ತಲೆ ತಗ್ಸಿದ್ದು ಸಾಕು. ನೀರಿನ ಮಾತಿಗೂ ತಗ್ಸೂದಾ? ನಾಳೆ ಮಗು ನಾ ನೋಡ್ಕಳ್ತೆ. ಹೋಗು."

ಸೋಮವಾರ ಎಂಟೂ ನಲವತ್ತಕ್ಕೆ ಬಿಸಿಲು ಚುರುಕಾಗಿತ್ತು. ನದಿಯ ಮೇಲೆ ದೋಣಿಗಳ ಓಡಾಟ ಶುರುವಾಗಿತ್ತು. ಕಾಲೇಜು ತಪ್ಪಿಸಿಕೊಂಡ ಹುಡುಗಿಯರು ಮುಖ ಗಂಟಿಕ್ಕಿ ಕೂತರು. ಆದರೆ ಅಶ್ವಿತಾ ಹಿಂದಿನಿಂದ ಮತ್ತೆ ಮತ್ತೆ ಎಲ್ಲರಿಗೂ ಹೇಳುತ್ತಿದ್ದಳು, "ಪೂರಾ ಜೋರ್. ಕೋಯೀ ಬಹಾನಾ ನಹೀಂ." ಯಾವ ನೆಪವೂ ಇಲ್ಲದೆ ಅವಳಿಗೆ ಗೆಲ್ಲಬೇಕಿತ್ತು, ಮೋಸದಿಂದಲ್ಲ. ಅಷ್ಟನ್ನು ರೇಣುಕಾ ನಾಲ್ಕು ತಿಂಗಳಿಂದ ಅವಳ ಬೆನ್ನು ನೋಡಿಯೇ ತಿಳಿದಿದ್ದಳು. ಅಶ್ವಿತಾಳ ಬೆನ್ನು ಸುಳ್ಳು ಎಳೆಯುವುದಿಲ್ಲ.

ಹಿಂದಿನ ಎರಡು ದಿನದ ಹಾಗೆಯೇ ದೋಣಿಯ ಹಿಂದೆ ಭುಟ್‌ಭುಟಿ ಹೊರಟಿತು. ಭುಟ್‌ಭುಟ್ ಎಂದು ಸದ್ದು ಮಾಡುವ ಆ ಮೋಟಾರು ದೋಣಿಯಲ್ಲಿ ಗಡಿಯಾರ ಹಿಡಿದ ಓಂಕಾರಪ್ಪ, ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟ ವೈಭವ್, ಹುಟ್ಟು ತಬ್ಬಿಕೊಂಡ ರೇಣುಕಾ ಇದ್ದರು. ಹಿಂದೆ ಕಾಲಿನಿಂದ ಚುಕ್ಕಾಣಿ ಒತ್ತಿ ಕೂತಿದ್ದ, ಇಲ್ಲಿನವರು ಮಾಝಿ ಅನ್ನುವ ಮುದುಕ ಅಂಬಿಗ ಬೀಡಿ ಸೇದುತ್ತಿದ್ದ.

ಅಶ್ವಿತಾ ದೋಣಿಯನ್ನು ಗೆರೆ ಹೊಡೆದ ಹಾಗೆ ನೇರ ಹಿಡಿದಳು. ದಂಡೆಯ ಪಕ್ಕದಲ್ಲೇ, ಎಲ್ಲಕ್ಕಿಂತ ಹತ್ತಿರದ ದಾರಿ. ತೊರ್ಷಾಳ ತೋಳು ಏಳುವುದು ಬೀಳುವುದು ನೋಡಲು ಚೆಂದವಿತ್ತು. ನೀರು ಎರಡು ಹೋಳಾಗಿ ಸೀಳುತ್ತಿತ್ತು. ಮೊದಲ ಕಿಲೋಮೀಟರಿಗೆ ವೈಭವ್ ತಲೆಯೆತ್ತಿ, "ಶನಿವಾರಕ್ಕಿಂತ ನಾಲ್ಕು ಸೆಕೆಂಡು ಮುಂದೆ," ಎಂದ.

ರೇಣುಕಾ ಹುಟ್ಟಿನ ನಾರಿನ ಮೇಲೆ ಬೆರಳಾಡಿಸಿದಳು. ಹೇಳಿದ್ದು ಹೆಚ್ಚಾಯಿತೇ? ಅಘನಾಶಿನಿಯ ಲೆಕ್ಕ ಹೂಗ್ಲಿಗೆ ಸಲ್ಲದಿದ್ದರೆ? ಇದು ಎಷ್ಟು ದೊಡ್ಡ ನದಿ! ಇದರ ಗುಣ ಅವಳು ನೋಡಿದ್ದು ಬರೀ ನಾಲ್ಕು ತಿಂಗಳು. ಊರಿಗೆ ಹೋಗುವ ರೈಲಿನಲ್ಲಿ ಎರಡು ರಾತ್ರಿ. ಅಪ್ಪ ಕೇಳುತ್ತಾನೆ, ಎಂತಕ್ಕೆ ಬಂದೆ ಮಗಾ?

ಅವಳು ದೋಣಿಯನ್ನು ನೋಡುವುದು ಬಿಟ್ಟು ನೀರನ್ನು ನೋಡಿದಳು.

ಒಂದು ಚೆಂಡುಹೂವಿನ ಹಾರ ದಂಡೆಯ ಪಕ್ಕ ನಿಂತಿತ್ತು. ನಿಂತೇ ಇತ್ತು. ಆಮೇಲೆ, ಯಾರೋ ಮೆಲ್ಲಗೆ ದಾರ ಹಿಡಿದು ಎಳೆದ ಹಾಗೆ, ಮೇಲ್ಮುಖವಾಗಿ ಒಂದು ಗೇಣು ಸರಿಯಿತು.

"ಸರ್," ಎಂದಳು. "ಆ ಹಾರ ನೋಡಿ."

ಓಂಕಾರಪ್ಪ ಗಡಿಯಾರದಿಂದ ಕಣ್ಣು ತೆಗೆಯಲಿಲ್ಲ. "ಹಾರ ಗೆದ್ದವರಿಗೆ."

"ಅದು ಹೌರಾ ಕಡೆ ಹೋಗ್ತಾ ಉಂಟು. ಈಗ ನಡುನೀರಿನ ಕಸ ನೋಡಿ. ಸಮುದ್ರದ ಕಡೆ. ಒಂದೇ ನದಿ ಸರ್, ಎರಡು ದಾರಿ. ಅಶ್ವಿತಕ್ಕ ಯಾವ ದಾರಿಲಿದ್ದಾರೆ?"

ಓಂಕಾರಪ್ಪ ನೋಡಿದರು. ಮೊದಲು ಹಾರ, ಆಮೇಲೆ ನಡುನೀರಿನ ಹಸಿರು ಗಡ್ಡೆಗಳು. ಇನ್ನೊಮ್ಮೆ ಹಾರ. ನಿಂತ ನೀರಿನ ಕೆರೆಯಲ್ಲಿ ಮೂವತ್ತು ವರ್ಷ ದೋಣಿ ಓಡಿಸಿದ ಮನುಷ್ಯ. ಕೆರೆ ಎಂದೂ ಅವರಿಗೆ ಎದುರಾಡಿರಲಿಲ್ಲ. ಹಿಂದಿನಿಂದ ಮಾಝಿ ಬೀಡಿ ತೆಗೆದು ಬಂಗಾಳಿಯಲ್ಲಿ ಏನೋ ಅಂದ.

"ಏನಂತಾನ?" ಎಂದರು ಓಂಕಾರಪ್ಪ, ಮೋಟಾರಿನ ಸದ್ದಿನಲ್ಲಿ ಕೇಳಿಸದೆ, ವೈಭವನಿಗೆ.

ವೈಭವ್ ಲ್ಯಾಪ್‌ಟಾಪಿನಿಂದ ತಲೆಯೆತ್ತದೆ ಹೇಳಿದ. "ಈ ಹೊತ್ತಲ್ಲಿ ದಂಡೆ ಹಿಡಿದು ಕೆಳಗೆ ಹೋಗೋರು ಹುಚ್ಚರು ಅಂತಾನೆ ಸರ್."

"ಮತ್ತ ಮೂರು ದಿನದಿಂದ ಬಾಯಾಗ ಏನಿಟ್ಕೊಂಡಿದ್ದ?"

ವೈಭವ್ ಕೇಳಿದ. ಮಾಝಿ ಬೀಡಿ ತೋರಿಸಿದ. "ಯಾರೂ ಕೇಳಲಿಲ್ವಂತೆ."

ಎರಡನೆಯ ಕಿಲೋಮೀಟರಿಗೆ ಅಶ್ವಿತಾಳ ತಂಡ ಹನ್ನೊಂದು ಸೆಕೆಂಡು ಹಿಂದಿತ್ತು. ಮೂರನೆಯದಕ್ಕೆ ಮೂವತ್ತು. ಹುಡುಗಿಯರ ಹುಟ್ಟು ಮಾತ್ರ ಅಷ್ಟೇ ಜೋರಾಗಿ ಬೀಳುತ್ತಿತ್ತು, ಇನ್ನೂ ಜೋರಾಗಿ ಬೀಳುತ್ತಿತ್ತು. ದಂಡೆಯ ಮೇಲಿನ ಇಟ್ಟಿಗೆ ಗೋಡೆ ಅವರ ಪಕ್ಕದಲ್ಲಿ ಸರಿಯುವುದು ನಿಧಾನವಾಗುತ್ತ ಬಂತು. ಕೆಟ್ಟ ಕನಸಿನಲ್ಲಿ ಓಡಿದ ಹಾಗೆ. ಅಶ್ವಿತಾ ಒಮ್ಮೆ ನಡುನೀರಿನ ಕಡೆ ಕತ್ತು ತಿರುಗಿಸಿದ್ದನ್ನು ರೇಣುಕಾ ಕಂಡಳು. ಅವಳು ಈಗ ಹೊರಕ್ಕೆ ತಿರುಗಿಸಿದರೆ? ಇನ್ನೂ ಹೊತ್ತಿತ್ತು. ಆದರೆ ಅಶ್ವಿತಾ ತಿರುಗಿಸಲಿಲ್ಲ. ಹಟ ಎನ್ನುವುದು ರೇಣುಕಾಳೊಬ್ಬಳ ಸೊತ್ತಲ್ಲವಲ್ಲ.

ಇಪ್ಪತ್ತೈದು ನಿಮಿಷ ನಲವತ್ತು ಸೆಕೆಂಡು.

ಜೆಟ್ಟಿಯಲ್ಲಿ ತೊರ್ಷಾ ದೋಣಿಯಿಂದ ಇಳಿದು ಮರದ ಹಲಗೆಯ ಮೇಲೆ ಮಲಗಿಬಿಟ್ಟಳು. ಅಶ್ವಿತಾ ನೀರಿನ ಬಾಟಲಿ ತಲೆಯ ಮೇಲೆ ಸುರಿದುಕೊಂಡಳು. ಯಾರಿಗೂ ಗಡಿಯಾರ ಕೇಳುವ ಅಗತ್ಯ ಇದ್ದ ಹಾಗೆ ಕಾಣಲಿಲ್ಲ.

"ಸರ್, ಪೂರಾ ಹಾಕಿದೆ," ಎಂದಳು ಅಶ್ವಿತಾ. "ನಿನ್ನೆಗಿಂತ ಜಾಸ್ತಿ. ಗಾಡ್ ಪ್ರಾಮಿಸ್. ದೋಣಿನ ಯಾರೋ ಹಿಂದಿಂದ ಹಿಡ್ಕೊಂಡ ಹಾಗಿತ್ತು." ಆಮೇಲೆ ರೇಣುಕಾಳ ಕಡೆ ತಿರುಗಿದಳು. "ನಿನಗೆ ಗೊತ್ತಿತ್ತು. ಶನಿವಾರ ಯಾಕೆ ಹೇಳಲಿಲ್ಲ?"

"ಹೇಳಿದ್ದೆ ಅಕ್ಕ. ಎಳೀರಿ ಅಂತ. ನ್ಯಾಯವಾಗಿ ಇನ್ನೂ ಜೋರಾಗಿ ಹೇಳ್ಬೇಕಿತ್ತು," ಎಂದಳು ರೇಣುಕಾ. "ಇನ್ನು ಹೇಳ್ತೇನೆ."

ಓಂಕಾರಪ್ಪ ಗಂಟಲು ಸರಿಮಾಡಿಕೊಂಡರು. "ಆತು. ಹಿಂದಿನ ಜಾಗಾ ರೇಣುಕಾಂದು. ಅಶ್ವಿತಾ ಮುಂದ. ತೊರ್ಷಾ ನಾಕನೇ ಜಾಗಕ್ಕ ಬರ್ಲಿ, ಅಲ್ಲಿ ಬಲ ಬೇಕು, ಅಲ್ಲಿದ್ದಾಕಿ ಬದಲಿಗಿರ್ಲಿ. ಆದ್ರ..." ಚೀಲದಿಂದ ಪಂದ್ಯದ ಕಾಗದ ತೆಗೆದರು. "ಕ್ಯಾಪ್ಟನ್ ಅಂತ ಅಶ್ವಿತಾ ಹೆಸರ ಇರ್ಲಿ. ಪತ್ರಿಕೆಯವರು ಬರ್ತಾರ, ಮಾತಾಡಬೇಕಾಗ್ತದ. ಅದು ಬರೇ ಹೆಸರಷ್ಟ ತಂಗಿ."

ಎರಡು ದಿನದ ಹಿಂದಿನ ರೇಣುಕಾ ಆಗಿದ್ದರೆ ತಲೆಯಾಡಿಸುತ್ತಿದ್ದಳು.

"ಹಿಂದೆ ಕೂತವರೇ ಕ್ಯಾಪ್ಟನ್ ಅಂತ ಆ ಕಾಗದದಲ್ಲೇ ಉಂಟು ಸರ್," ಎಂದಳು. "ನನಗೆ ಓದ್ಲಿಕ್ಕೆ ಬರ್ತದೆ. ನಿಧಾನ, ಆದ್ರೆ ಬರ್ತದೆ." ಕೈ ಚಾಚಿದಳು.

ಓಂಕಾರಪ್ಪ ಅಶ್ವಿತಾಳನ್ನು ನೋಡಿದರು. ಅಶ್ವಿತಾ ತಲೆಯಿಂದ ಇಳಿಯುತ್ತಿದ್ದ ನೀರು ಒರೆಸಿಕೊಂಡು, ತನ್ನ ಬ್ಯಾಗಿನಿಂದ ಪೆನ್ನು ತೆಗೆದು ರೇಣುಕಾಳಿಗೆ ಕೊಟ್ಟಳು. ಮುಖದಲ್ಲಿ ಖುಷಿಯೇನೂ ಇರಲಿಲ್ಲ. ಪೆನ್ನು ಮಾತ್ರ ಕೊಟ್ಟಳು.

ರೇಣುಕಾ ಹುಟ್ಟನ್ನು ಕಂಕುಳಿಗೆ ಸಿಕ್ಕಿಸಿ, ಜೆಟ್ಟಿಯ ಕಂಬಕ್ಕೆ ಕಾಗದ ಒತ್ತಿ ಹಿಡಿದು, ಒಂದೊಂದೇ ಅಕ್ಷರವಾಗಿ ಇಂಗ್ಲಿಷಿನಲ್ಲಿ ತನ್ನ ಹೆಸರು ಬರೆದಳು. ವಯಸ್ಸು ಇಪ್ಪತ್ತು. ಊರು. ಆಮೇಲೆ ಓದು ಎಂಬ ಖಾನೆ ಬಂತು.

"ಅದನ್ನ ಬ್ಲ್ಯಾಂಕ್ ಬಿಡು. ಯಾರೂ ನೋಡಲ್ಲ," ಎಂದ ವೈಭವ್ ಮೆಲ್ಲಗೆ. ಅವನ ದನಿಯಲ್ಲಿ ಈಗ ಮರ್ಯಾದೆ ಇತ್ತು.

"ಎಂತಕ್ಕೆ ಬಿಡೂದು?" ಎಂದಳು. ಒಂಬತ್ತು ಎಂದು ಬರೆದಳು. ಅಕ್ಷರ ಸಣ್ಣದಾಯಿತು ಅನ್ನಿಸಿ ಅದರ ಮೇಲೆಯೇ ಇನ್ನೊಮ್ಮೆ ತಿದ್ದಿ ದಪ್ಪ ಮಾಡಿದಳು.

ಓಂಕಾರಪ್ಪ ಕಾಗದ ಮಡಿಸಿ ಜೇಬಿಗಿಟ್ಟರು. ಅಭ್ಯಾಸ ಬಲದಿಂದ ಮಣಿಕಟ್ಟು ಎತ್ತಿ ಗಡಿಯಾರ ನೋಡಿದರು. "ಹಂಗಾರ ನಾಳೆ ಏಳಕ್ಕ..." ಎಂದವರು ಅಲ್ಲಿಗೇ ನಿಲ್ಲಿಸಿದರು. ಕೈ ಇಳಿಸಿದರು. ಎಲ್ಲರೂ ರೇಣುಕಾಳ ಕಡೆ ತಿರುಗಿದರು, ಮಲಗಿದ್ದ ತೊರ್ಷಾ ಕೂಡ ಮೊಣಕೈಯೂರಿ ತಲೆಯೆತ್ತಿದಳು.

ರೇಣುಕಾ ನದಿಯನ್ನು ನೋಡಿದಳು. ನಡುನೀರಿನ ಹಸಿರು ಗಡ್ಡೆಗಳೂ ಈಗ ನಿಂತಿದ್ದವು.

"ಇದೇ ನೀರು ಬೇಕಾದ್ರೆ ಒಂಬತ್ತೂವರೆಗೆ," ಎಂದಳು.

"ಒಂಬತ್ತೂವರೆ! ನನ್ನ ಕ್ಲಾಸು!" ಎಂದು ಒಬ್ಬಳು ನರಳಿದಳು.

"ಹಾಗಾದ್ರೆ ಏಳಕ್ಕೇ ಬನ್ನಿ. ನೀರು ಕೆಳಗೆ ಓಡ್ತಾ ಇರ್ತದೆ, ನಾವು ಮೇಲಕ್ಕೆ ಎಳೆಯೋಣ," ಎಂದಳು ರೇಣುಕಾ. "ಕೈ ಗಟ್ಟಿಯಾಗ್ತದೆ."

ಅಶ್ವಿತಾ ಮೊದಲು ನಕ್ಕಳು. ರೇಣುಕಾ ಬಾಯಿಗೆ ಕೈ ಅಡ್ಡ ಹಿಡಿಯಲು ಹೋದಳು, ಕೈಯಲ್ಲಿ ಹುಟ್ಟು ಇತ್ತು. ಹಾಗೇ ನಕ್ಕಳು.